ಅಡ್ಡಿ ಹಾರಿದ ಅಣ್ಣನಿದ್ದರೆ ತಮ್ಮನ ಬೆಲೆ ಎಷ್ಟು?

ಯುಗಾದಿ ಮುಗಿದ ಮೇಲಿನ ಒಂದು ಶನಿವಾರ. ವಾರವೆಲ್ಲಾ ರಿಲೀಸ್ ಗಲಾಟೆಯಲ್ಲಿ ನಿದ್ದೆಗೆಟ್ಟು ಇನ್ನೂ ಹಾಸಿಗೆಯಲ್ಲೇ ಹೊರಳಾಡ್ತಿದ್ದೆ. ಊರಿಂದ ಚಿಕ್ಕಪ್ಪನ ಫೋನು. ನಮ್ಮದು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ತಾತನ ಕಾಲದಿಂದಲೂ ಹಳ್ಳಿಕಾರ್ ದನ ಕಟ್ಟಿಕೊಂಡು ಬಂದಿದ್ದಾರೆ.

"ಮಗಾ, ನೀನು ಇಂಜಿನಿಯರ್ ಓದಿದೀಯಲ್ಲ, ಒಂದ್ ಮಾತ್ ಹೇಳು. ಅಣ್ಣ ಓಟಗಾರ ಆದ್ರೆ ತಮ್ಮನೂ ಓಟಗಾರ ಆಗ್ಲೇಬೇಕಾ?"

ನಿದ್ದೆಗಣ್ಣಲ್ಲಿ ನಾನು ಯಾರೋ ನೆಂಟರ ಹುಡುಗರ ವಿಷಯ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಇದು ಕೊಟ್ಟಿಗೆಯಲ್ಲಿರೋ ಹೋರಿಗರುವಿನ ವಿಷಯ ಅಂತ. ಅದರ ಅಣ್ಣ, ಅಂದ್ರೆ ಅದೇ ಹಸುವಿನ ಹಿಂದಿನ ಸೂಲಿನ ಹೋರಿಯನ್ನು ಕೊಂಡವರು ಗಾಡಿ ಓಟಕ್ಕೆ ಪಳಗಿಸಿದ್ದರು. ಅದು ಒಂದೆರಡು ಕಡೆ ಗೆದ್ದೂ ಬಿಟ್ಟಿತ್ತು. ಈಗ ಈ ಕರುವನ್ನು ನೋಡೋಕೆ ಇಬ್ಬರು ಬಂದಿದ್ದಾರೆ. ಒಬ್ಬ ಓಟದ ಕಡೆಯ ದಲ್ಲಾಳಿ. ಅಣ್ಣನ ಹೆಸರು ಕೇಳಿದ ತಕ್ಷಣ ರೇಟು ಏರಿಸಿದ. ಇನ್ನೊಬ್ಬ ಹೊಲ ಉಳುವ ರೈತ. ಅವನು ಕರುವನ್ನು ಮೆಚ್ಚಿ, ಬೆನ್ನು ಸವರಿ, ಹಲ್ಲು ನೋಡಿ ಎಲ್ಲಾ ಆದ ಮೇಲೆ, ಅದೇ ಅಣ್ಣನ ಹೆಸರು ಕೇಳಿ "ಓಟದ ರಕ್ತ, ನೊಗಕ್ಕೆ ನಿಲ್ಲಲ್ಲ ಬುಡಿ" ಅಂತ ಎದ್ದು ಹೋದ.

ಕರು ಒಂದೇ, ಅಣ್ಣನೂ ಒಬ್ಬನೇ. ಒಬ್ಬನಿಗೆ ಅದು ಹೆಚ್ಚುಗಾರಿಕೆ, ಇನ್ನೊಬ್ಬನಿಗೆ ಐಬು!

ತಮಾಷೆ ಅಂದ್ರೆ ಅದೇ ವಾರ ಆಫೀಸಿನಲ್ಲಿ ಹೆಚ್ಚು ಕಮ್ಮಿ ಇದೇ ಕಥೆ ಕೇಳಿದ್ದೆ. ಅದು ಎತ್ತಿನದಲ್ಲ, ಕುದುರೆಯದು. ನನ್ನ ಪಕ್ಕ ಕೂರುವ ಗೆಳೆಯನ ಸೋದರಮಾವನಿಗೆ ರೇಸ್ ಕುದುರೆ ಹುಚ್ಚು. ವಿದೇಶದಿಂದ ತಂದ ಹೆಣ್ಣುಕುದುರೆಯೊಂದರ ಮರಿ ಅವರಿಗೆ ಇಷ್ಟವಾಗಿದೆ. ಆದರೆ ಆ ಮರಿಯ ವಂಶದ ಕಾಗದದಲ್ಲಿ ತಾಯಿಯ ಅಣ್ಣ ತಮ್ಮಂದಿರು ಬೇಲಿ ಹಾರುವ ರೇಸಿನಲ್ಲಿ ಗೆದ್ದವರಂತೆ. "ಅದಕ್ಕೇ ಅಗ್ಗಕ್ಕೆ ಸಿಗ್ತಿದೆ ಮಾರಾಯ, ತಗೊಳ್ಳೋದಾ ಬೇಡವಾ ಅಂತ ಮಾವ ಒದ್ದಾಡ್ತಿದ್ದಾರೆ" ಅಂದ.

ಗೆದ್ದ ನೆಂಟರು ಇದ್ದರೆ ಬೆಲೆ ಯಾಕೆ ಇಳೀಬೇಕು? ಈ ಪ್ರಶ್ನೆ ತಲೆಗೆ ಹತ್ತಿದ್ದೇ, ಎರಡು ಮೂರು ವಾರ ಸಿಕ್ಕಿದ್ದನ್ನೆಲ್ಲಾ ಓದಿದೆ. ಓದುತ್ತಾ ಓದುತ್ತಾ ಇಂಗ್ಲೆಂಡಿನ ಕುದುರೆ ಸಂತೆಯಿಂದ ಸುತ್ತಿ ಬಳಸಿ ನಮ್ಮ ಸಾವನದುರ್ಗದ ಬುಡಕ್ಕೇ ಬಂದು ನಿಂತೆ!

ಒಂದು ಪುಟದ ಜಾತಕ

ರೇಸಿಗೆ ಓಡುವ ಕುದುರೆಗಳನ್ನು ಥರೋಬ್ರೆಡ್ ಅಂತಾರೆ. ಇವುಗಳ ಗಂಡು ಮೂಲ ಹುಡುಕಿಕೊಂಡು ಹಿಂದೆ ಹೋದರೆ ಕೊನೆಗೆ ಸಿಗೋದು ಮೂರೇ ಕುದುರೆ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಹೋದವು. ಯಾವ ಕುದುರೆ ಯಾವುದಕ್ಕೆ ಹುಟ್ಟಿತು ಅನ್ನೋದನ್ನು ಒಂದು ಪುಸ್ತಕದಲ್ಲಿ ಕಟ್ಟುನಿಟ್ಟಾಗಿ ಬರೆದಿಡುವ ಕೆಲಸ ಶುರು ಮಾಡಿದ್ದು ಜೇಮ್ಸ್ ವೆದರ್ಬಿ, 1791ರಲ್ಲಿ. ಆ ಪುಸ್ತಕದ ಹೆಸರು ಜನರಲ್ ಸ್ಟಡ್ ಬುಕ್. (ಈ 1791 ಅನ್ನೋ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.) ನಮ್ಮ ದೇಶದ ಕುದುರೆಗಳಿಗೂ ಇಂಥದೇ ಸ್ಟಡ್ ಬುಕ್ ಇದೆ, ಅದರ ಕಚೇರಿ ಪುಣೆಯಲ್ಲಿದೆ. ಪುಸ್ತಕದಲ್ಲಿ ಹೆಸರಿಲ್ಲದ ಕುದುರೆ ಎಷ್ಟೇ ಜೋರಾಗಿ ಓಡಿದರೂ ಅದು ರೇಸ್ ಕುದುರೆ ಅಲ್ಲ. ಕೃತಕ ಗರ್ಭಧಾರಣೆಗೂ ಇಲ್ಲಿ ಅವಕಾಶ ಇಲ್ಲ. ಗಂಡು ಹೆಣ್ಣು ಖುದ್ದಾಗಿ ಕೂಡಿದರೆ ಮಾತ್ರ ಮರಿಗೆ ಹೆಸರು.

ಮರಿ ಮಾರಾಟಕ್ಕೆ ಬಂದಾಗ ಕ್ಯಾಟಲಾಗಿನಲ್ಲಿ ಅದಕ್ಕೊಂದು ಪುಟ. ಮೇಲೆ ಅಪ್ಪ, ಅಮ್ಮ, ಅಜ್ಜ ಅಜ್ಜಿಯರು. ಕೆಳಗೆ ಪೂರ್ತಿ ಅಮ್ಮನ ಕಡೆಯವರು. ತಾಯಿ ಏನು ಗೆದ್ದಳು, ತಾಯಿಯ ಬೇರೆ ಮಕ್ಕಳು ಏನು ಗೆದ್ದರು, ಅಜ್ಜಿಯ ಮಕ್ಕಳು ಏನು ಮಾಡಿದರು, ಹೀಗೆ. ದೊಡ್ಡ ರೇಸು ಗೆದ್ದವರ ಹೆಸರು ದಪ್ಪ ಅಕ್ಷರದಲ್ಲಿ ಇರತ್ತೆ. ಕುದುರೆ ವ್ಯಾಪಾರಿಗಳು ಇದನ್ನು ಬ್ಲ್ಯಾಕ್ ಟೈಪ್ ಅಂತಾರೆ. ಪುಟ ತೆಗೆದ ತಕ್ಷಣ ಕಣ್ಣು ಹೋಗೋದು ಅಲ್ಲಿಗೇ.

ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಕುದುರೆ ಲೋಕದಲ್ಲಿ ಅರ್ಧ ಅಣ್ಣ ಅಂದ್ರೆ ತಾಯಿ ಒಬ್ಬಳೇ ಇರಬೇಕು. ಅಪ್ಪ ಒಂದೇ ಆಗಿ ತಾಯಿ ಬೇರೆಯಾದರೆ ಅದನ್ನು ಸಂಬಂಧ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಯಾಕಂದ್ರೆ ಒಂದು ಗಂಡುಕುದುರೆಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಮರಿ ಹುಟ್ಟಬಹುದು. ತಾಯಿಗೆ ಹುಟ್ಟೋದು ವರ್ಷಕ್ಕೆ ಒಂದೇ. ಹಾಗಾಗಿ ಮನೆತನ ಅಂದ್ರೆ ಅಮ್ಮನ ಮನೆತನ. ನಮ್ಮ ಚಿಕ್ಕಪ್ಪನೂ "ಅದೇ ಹಸುವಿನ ಕರು" ಅಂತಲೇ ಹೇಳಿದ್ದು, ಬೀಜದ ಹೋರಿಯ ಸುದ್ದಿ ಎತ್ತಲಿಲ್ಲ!

ಬೇಲಿ ಹಾರುವವರು

ರೇಸಿನಲ್ಲಿ ಎರಡು ಬಗೆ. ಬೆಂಗಳೂರಲ್ಲೋ ಮೈಸೂರಲ್ಲೋ ನಾವು ನೋಡೋದು ಫ್ಲ್ಯಾಟ್ ರೇಸು, ಸಮನೆಲದ ಮೇಲೆ ಬರೀ ಓಟ. ಇನ್ನೊಂದು ಜಂಪ್ ರೇಸು. ದಾರಿಯುದ್ದಕ್ಕೂ ಬೇಲಿ, ಹಳ್ಳ, ಅಡ್ಡಿಗಳು. ಇದರ ಹುಟ್ಟಿನ ಬಗ್ಗೆ ಒಂದು ಹೆಸರಾದ ಕಥೆ ಇದೆ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ ಇಬ್ಬರು ಪಂಥ ಕಟ್ಟಿ ಬಟವಂಟ್ ಊರಿನ ಚರ್ಚಿನಿಂದ ಡೊನರೈಲ್ ಊರಿನ ಚರ್ಚಿನವರೆಗೆ ಹೊಲ, ಬೇಲಿ, ತೋಡು ಎಲ್ಲಾ ಹಾರಿಸಿಕೊಂಡು ಕುದುರೆ ಓಡಿಸಿದರಂತೆ. ಚರ್ಚಿನ ಗೋಪುರ ನೋಡಿಕೊಂಡು ಓಡಿದ್ದರಿಂದ ಸ್ಟೀಪಲ್‌ಚೇಸ್ ಅಂತ ಹೆಸರು ಬಂತು. ಇವತ್ತು ಇದರ ಅತಿ ದೊಡ್ಡ ರೇಸು ಲಿವರ್‌ಪೂಲ್ ಹತ್ತಿರದ ಗ್ರ್ಯಾಂಡ್ ನ್ಯಾಷನಲ್.

ಎರಡೂ ಕಡೆ ಓಡೋದು ಬಹುತೇಕ ಒಂದೇ ಥರೋಬ್ರೆಡ್ ರಕ್ತ. ಆದರೂ ಫ್ಲ್ಯಾಟ್ ರೇಸಿಗೆ ಅಂತ ಹುಟ್ಟಿಸಿದ ಮರಿಯ ಪುಟದಲ್ಲಿ ಜಂಪ್ ರೇಸಿನ ಅಣ್ಣ ಕಾಣಿಸಿದರೆ ಕೊಳ್ಳುವವನು ಹುಬ್ಬು ಗಂಟಿಕ್ಕುತ್ತಾನೆ. ಅಣ್ಣನಿಗೂ ದಪ್ಪ ಅಕ್ಷರ ಸಿಕ್ಕಿರತ್ತೆ, ಆದರೆ ಪಕ್ಕದಲ್ಲೇ 'ಹರ್ಡಲ್ ಮೇಲೆ' ಅಂತ ಬರೆದಿರುತ್ತಾರೆ. ಯಾಕೆ ಈ ಅಸಡ್ಡೆ? ನನಗೆ ಅರ್ಥವಾದ ಮಟ್ಟಿಗೆ ಕಾರಣ ಮೂರು.

ಒಂದು, ಕಾಲ. ಫ್ಲ್ಯಾಟ್ ಕುದುರೆ ಎರಡು ಮೂರು ವರ್ಷಕ್ಕೇ ಓಡಿ ದುಡ್ಡು ದುಡಿಯಬೇಕು. ಜಂಪ್ ಕುದುರೆ ಬಲಿಯೋದು ನಿಧಾನ, ಅದರ ಒಳ್ಳೆಯ ಕಾಲ ಬರೋದು ಆರು, ಏಳು, ಎಂಟನೇ ವರ್ಷದಲ್ಲಿ. ಅಲ್ಲಿವರೆಗೆ ಮೇವು ಹಾಕುವವರು ಯಾರು?

ಎರಡು, ವೇಗ. ಅಡ್ಡಿ ಹಾರುವ ಓಟದಲ್ಲಿ ಅತಿ ಕಡಿಮೆ ದೂರವೇ ಮೂರು ಕಿಲೋಮೀಟರಿನ ಹತ್ತಿರ ಇರತ್ತೆ. ಅಲ್ಲಿ ಗೆದ್ದವನ ತಮ್ಮನಿಗೆ ದಮ್ಮು ಇರಬಹುದು, ಆದರೆ 1200 ಮೀಟರಿನಲ್ಲಿ ಸಿಡಿಯುವ ವೇಗ ಇದೆಯಾ ಅನ್ನೋ ಅನುಮಾನ.

ಮೂರು, ಸಂತಾನ. ಜಂಪ್ ರೇಸಿನ ಗಂಡುಕುದುರೆಗಳು ಬಹುಪಾಲು ಬೀಜ ಒಡೆಸಿದವು. ನಮ್ಮ ಎತ್ತುಗಳ ಹಾಗೆ. ಅವುಗಳಿಗೆ ಮಕ್ಕಳಿಲ್ಲ. ಫ್ಲ್ಯಾಟ್ ರೇಸಿನ ಅಣ್ಣ ದೊಡ್ಡ ರೇಸು ಗೆದ್ದರೆ ಅವನೇ ಬೀಜದ ಕುದುರೆಯಾಗಿ ಕೋಟಿಗಟ್ಟಲೆ ತರುತ್ತಾನೆ, ಜೊತೆಗೆ ತಮ್ಮಂದಿರ ಬೆಲೆಯನ್ನೂ ಏರಿಸುತ್ತಾನೆ. ಜಂಪ್ ಅಣ್ಣ ಎಷ್ಟು ಕಪ್ ಗೆದ್ದರೂ ಕಥೆ ಅವನಿಗೇ ಕೊನೆ.

ಇವೆಲ್ಲಾ ತರ್ಕ ಸರಿಯಾಗೇ ಇದೆ. ಆದರೆ ಚರಿತ್ರೆ ನೋಡಿದರೆ ರಕ್ತ ಇಷ್ಟು ಸುಲಭವಾಗಿ ಎರಡು ಗೂಡಿಗೆ ಬೀಳೋದಿಲ್ಲ. ರೆಡ್ ರಮ್ ಅಂತ ಒಂದು ಕುದುರೆ ಇತ್ತು. ಹುಟ್ಟಿಸಿದ್ದು ಸಣ್ಣ ದೂರದ ಓಟಕ್ಕೆ ಅಂತ. ಒಂದು ವರ್ಷದ ಮರಿಯಾಗಿದ್ದಾಗ 400 ಗಿನಿಗೆ ಮಾರಾಟವಾಯ್ತು. 1967ರಲ್ಲಿ ತನ್ನ ಮೊದಲ ಓಟ, ಬರೀ ಸಾವಿರ ಮೀಟರಿನದು, ಅದರಲ್ಲಿ ಇನ್ನೊಂದು ಕುದುರೆ ಜೊತೆ ಸಮವಾಗಿ ಮೊದಲು ಬಂತು. ಅದೇ ಕುದುರೆ ಮುಂದೆ 1973, 1974, ಆಮೇಲೆ 1977ರಲ್ಲಿ ಏಳು ಕಿಲೋಮೀಟರಿಗೂ ಹೆಚ್ಚು ಉದ್ದದ, 30 ಅಡ್ಡಿಗಳ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಮೂರು ಸಲ ಅದನ್ನು ಗೆದ್ದದ್ದು ಅದೊಂದೇ.

ಇನ್ನೊಂದು ಉದಾಹರಣೆ ಇನ್ನೂ ಸೊಗಸಾಗಿದೆ. ಬೆಟ್ಟೀಸ್ ಸೀಕ್ರೆಟ್ ಅನ್ನುವ ಹೆಣ್ಣುಕುದುರೆಗೆ ಸೆಕ್ರೆಟೊ ಅಂತ ಮಗ. ಅವನು 1984ರ ಎಪ್ಸಮ್ ಡರ್ಬಿ ಗೆದ್ದ. ಫ್ಲ್ಯಾಟ್ ರೇಸಿನಲ್ಲಿ ಅದಕ್ಕಿಂತ ದೊಡ್ಡ ಹೆಸರು ಬೇರೆ ಇಲ್ಲ. ಅದೇ ತಾಯಿಗೆ ಆಮೇಲೆ ಹುಟ್ಟಿದ ಇನ್ನೊಬ್ಬ ಮಗ ಇಸ್ತಾಬ್ರಾಕ್. ಫ್ಲ್ಯಾಟ್ ರೇಸಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡದೆ 1996ರಲ್ಲಿ 38,000 ಗಿನಿಗೆ ಬಿಕರಿಯಾದ. ಜಂಪ್ ಕಡೆ ಹೋಗಿ 1998, 1999, 2000 ಮೂರು ವರ್ಷವೂ ಚಾಂಪಿಯನ್ ಹರ್ಡಲ್ ಗೆದ್ದ! ಈಗ ಹೇಳಿ, ಆ ತಾಯಿಯದು ಡರ್ಬಿ ಮನೆತನವೋ, ಬೇಲಿ ಹಾರುವ ಮನೆತನವೋ? ಇಸ್ತಾಬ್ರಾಕ್‌ನ ಅಪ್ಪ ಸ್ಯಾಡ್ಲರ್ಸ್ ವೆಲ್ಸ್ 14 ಸಲ ಫ್ಲ್ಯಾಟ್ ರೇಸಿನ ಚಾಂಪಿಯನ್ ಪಿತೃ ಅನ್ನಿಸಿಕೊಂಡವನು. 2007ರ ಡರ್ಬಿ ಗೆದ್ದ ಆಥರೈಸ್ಡ್‌ನ ಮಗ ಟೈಗರ್ ರೋಲ್ 2013ರಲ್ಲಿ 10,000 ಪೌಂಡಿಗೆ ಬಿಕರಿಯಾಗಿ, 2018 ಮತ್ತು 2019ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ.

ಅಂದ್ರೆ ರಕ್ತದಲ್ಲಿ 'ಫ್ಲ್ಯಾಟ್' ಅಂತಲೋ 'ಜಂಪ್' ಅಂತಲೋ ಬರೆದಿರೋದಿಲ್ಲ. ಅದನ್ನು ಬರೆಯೋದು ಕ್ಯಾಟಲಾಗ್. ಕ್ಯಾಟಲಾಗ್ ಬರೆಯೋದು ಕೊಳ್ಳುವವನಿಗಾಗಿ.

ಕುಣಿಗಲ್ ಕಡೆಗೆ

ನಮ್ಮ ಕಡೆ ಕಥೆ ಇನ್ನೂ ವಿಚಿತ್ರ. ಭಾರತದಲ್ಲಿ ಇವತ್ತು ಬೆಂಗಳೂರು, ಮೈಸೂರು, ಹೈದರಾಬಾದು, ಮುಂಬಯಿ, ಪುಣೆ, ಕೋಲ್ಕತ್ತ ಎಲ್ಲಿ ಹೋದರೂ ನಡೆಯೋದು ಫ್ಲ್ಯಾಟ್ ರೇಸೇ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತದ ಟಾಲಿಗಂಜ್‌ನಲ್ಲಿ ಬೇಲಿ ಹಾರುವ ರೇಸು ನಡೀತಿತ್ತು, ಈಗ ಅದಿಲ್ಲ. ಹಾಗಾಗಿ ಯುರೋಪಿನಿಂದ ತಂದ ಹೆಣ್ಣುಕುದುರೆಯ ಪುಟದಲ್ಲಿ ಜಂಪ್ ರೇಸಿನ ನೆಂಟರು ಇದ್ದರೆ ಇಲ್ಲಿನ ಖರೀದಿದಾರನಿಗೆ ಅದು ಹಿಂದೆ ಮುಂದೆ ಗೊತ್ತಿಲ್ಲದ ಊರಿನ ಸರ್ಟಿಫಿಕೇಟ್ ಇದ್ದ ಹಾಗೆ. ಅಲ್ಲಿ ಅದು ಸ್ವಲ್ಪ ಐಬು, ಇಲ್ಲಿ ಅರ್ಥವೇ ಇಲ್ಲದ ಸಾಲು.

ಆದರೆ ಒಂದು ಕ್ಷಣ ಯೋಚಿಸಿ. ನಮ್ಮ ಇಂಡಿಯನ್ ಡರ್ಬಿ 2400 ಮೀಟರು. ಇನ್ವಿಟೇಷನ್ ಕಪ್ಪೂ 2400. ಪುಣೆಯ ಸೇಂಟ್ ಲೆಜರ್ 2800. ನಮ್ಮ ದೊಡ್ಡ ಮರ್ಯಾದೆ ಎಲ್ಲಾ ಇರೋದು ದಮ್ಮಿನ ಓಟದಲ್ಲಿ! ಏಳೆಂಟು ವರ್ಷ ಕಾಲು ಕೆಡದೆ ಬೇಲಿ ಹಾರಿದ ಮಾವಂದಿರು ಇದ್ದಾರೆ ಅಂದ್ರೆ ಆ ಮನೆತನದಲ್ಲಿ ದಮ್ಮೂ ಇದೆ, ಗಟ್ಟಿ ಮೂಳೆಯೂ ಇದೆ ಅಂತಲೂ ಓದಬಹುದಲ್ಲ? ಗೆಳೆಯನ ಮಾವನಿಗೆ ನಾನು ಹೇಳಿ ಕಳಿಸಿದ್ದು ಇಷ್ಟೇ. ಆ ನೆಂಟರು ಜಂಪ್ ಕಡೆ ಹೋಗಿದ್ದು ಯಾಕೆ ಅಂತ ಮೊದಲು ನೋಡಿ. ಅವರ ಅಪ್ಪಂದಿರೇ ಜಂಪ್ ಕುದುರೆ ಹುಟ್ಟಿಸುವ ಗಂಡುಗಳಾಗಿದ್ದರೆ ತಪ್ಪು ತಾಯಿಯದಲ್ಲ, ಅದು ಸಂಬಂಧ ಕೂಡಿಸಿದವರ ಆಯ್ಕೆ. ಒಳ್ಳೇ ಫ್ಲ್ಯಾಟ್ ಗಂಡುಗಳಿಗೆ ಹುಟ್ಟಿಯೂ ಎಲ್ಲರೂ ಬೇಲಿ ಹಾರೋಕೆ ಹೋಗಿದ್ದರೆ ಆಗ ಯೋಚನೆ ಮಾಡಬೇಕಾದ್ದೇ. ಕೊಳ್ಳೋ ಯೋಗ್ಯತೆ ಇಲ್ಲದವನ ಉಪದೇಶ ಅಂತ ಅವರು ನಕ್ಕಿರಬಹುದು :-)

ಮಾಗಡಿ ದಾಟಿ ಕುಣಿಗಲ್ ಕಡೆ ಹೋದರೆ ದೇಶದಲ್ಲೇ ತುಂಬಾ ಹಳೆಯದಾದ ಕುದುರೆ ಫಾರಂ ಇದೆ. ಟಿಪ್ಪು ತನ್ನ ಅಶ್ವದಳಕ್ಕೆ ಕುದುರೆ ಸಾಕಿಸುತ್ತಿದ್ದ ಜಾಗ ಅಂತ ಅದರ ಖ್ಯಾತಿ. ಮುಂದೆ ಮೈಸೂರು ಸಂಸ್ಥಾನದ ಕುದುರೆಗಳು ಅಲ್ಲಿ ಬೆಳೆದವು. ಆಗ ಕುದುರೆಗೆ ಬೇಕಿದ್ದದ್ದು ಏನು? ಸವಾರನನ್ನೂ ಅವನ ಸಾಮಾನನ್ನೂ ಹೊತ್ತು ದಿನಗಟ್ಟಲೆ ನಡೆಯೋದು, ಹಳ್ಳ ಬಂದರೆ ಹಾರೋದು, ಗುಂಡಿನ ಸದ್ದಿಗೆ ಬೆದರದೆ ಇರೋದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಗೆದ್ದ ದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡಾ ಇತ್ತು. ಕುದುರೆ ಮೇಲೆ ಈಟಿ ಹಿಡಿದು ಮೆಷಿನ್ ಗನ್ ಎದುರು ನುಗ್ಗಿದ ಕಾಳಗ ಅದು. ಆ ಕಾಲದ ದಳಪತಿಗೆ "ಇದರ ಅಣ್ಣ ಬೇಲಿ ಹಾರುತ್ತಾನೆ" ಅಂದಿದ್ದರೆ ಇನ್ನೂ ನಾಲ್ಕು ಕಾಸು ಹೆಚ್ಚೇ ಕೊಡ್ತಿದ್ದ!

ಆಮೇಲೆ ಸೈನ್ಯಕ್ಕೆ ಕುದುರೆ ಬೇಡವಾಯ್ತು, ರೇಸಿಗೆ ಬೇಕಾಯ್ತು. ಅದೇ ಕುಣಿಗಲ್ ಫಾರಂ ಥರೋಬ್ರೆಡ್ ತಳಿಯ ಜಾಗವಾಯ್ತು. 1992ರಲ್ಲಿ ಸರ್ಕಾರ ಅದನ್ನು 30 ವರ್ಷದ ಗುತ್ತಿಗೆಗೆ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ ಕೊಟ್ಟಿತು. ಆ ಅವಧಿ ಮುಗಿದ ಮೇಲೆ, 400ಕ್ಕೂ ಹೆಚ್ಚು ಎಕರೆಯ ಆ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಬಂತು, ಅದಕ್ಕೆ ವಿರೋಧವೂ ಎದ್ದಿತು. ಜಾಗ ಮಾತ್ರ ಅದೇ, ಕೊಳ್ಳುವವನು ಬದಲಾದ ಹಾಗೆಲ್ಲಾ ಅದರ ಬೆಲೆಯ ಲೆಕ್ಕವೂ ಬದಲಾಗುತ್ತಾ ಬಂತು.

1791: ನಮ್ಮ ನಾಲ್ಕು ಊರುಗಳು

ಈಗ ಆ ಇಸವಿಗೆ ಬರೋಣ. ಲಂಡನ್ನಿನಲ್ಲಿ ಕುದುರೆಗಳ ವಂಶಾವಳಿ ಅಚ್ಚಾದ ಅದೇ 1791ರಲ್ಲಿ ನಮ್ಮ ಸೀಮೆಯಲ್ಲಿ ಏನು ನಡೀತಿತ್ತು ಗೊತ್ತಾ?

ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ. ನೇರ ದಾರಿ ಚನ್ನಪಟ್ಟಣದ ಮೇಲೆ. ಆದರೆ ಅಲ್ಲಿ ರಾಮಗಿರಿ, ಶಿವನಗಿರಿ ಕೋಟೆಗಳ ಬಲದಲ್ಲಿ ಟಿಪ್ಪು ಕಾದು ಕೂತಿದ್ದ. (ರಾಮಗಿರಿ ಅಂದ್ರೆ 'ಶೋಲೆ' ಸಿನಿಮಾದಲ್ಲಿ ಗಬ್ಬರನ ಕಡೆಯವರು ಕುದುರೆ ಓಡಿಸಿದ ನಮ್ಮ ರಾಮನಗರದ ಬೆಟ್ಟಗಳ ಸೀಮೆಯೇ.) ಅದಕ್ಕೇ ಕಾರ್ನ್‌ವಾಲಿಸ್ ಕಾನಕಾನಹಳ್ಳಿ, ಅಂದ್ರೆ ಇವತ್ತಿನ ಕನಕಪುರದ ದಾರಿ ಹಿಡಿದ. ಟಿಪ್ಪು ಆ ದಾರಿಯ ಊರುಗಳಲ್ಲಿ ಮೇವು ಕಾಳು ಒಂದೂ ಸಿಗದ ಹಾಗೆ ಸುಟ್ಟು ಬರಿದು ಮಾಡಿಸಿದ. ಮೇ 15ರ ಅರಕೆರೆ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೂ ಸೋತ! ಯಾಕಂದ್ರೆ ತೋಪು ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಂದು ಸಾವಿರಗಟ್ಟಲೆ ಸತ್ತುಬಿದ್ದವು. ಕೋಟೆ ಒಡೆಯೋಕೆ ತಂದಿದ್ದ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸ್ಸು ಬಂದ. ಅದೇ ವರ್ಷ ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಅವನ ಕೈ ಸೇರಿತು, ಹಿಂದೆಯೇ ರಾಮಗಿರಿ, ಶಿವನಗಿರಿಗಳೂ ಬಿದ್ದವು.

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ. 2007ರಲ್ಲಿ ಇವೆಲ್ಲಾ ಸೇರಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು. ಈ ನಾಲ್ಕೂ ಊರು ಆ ಒಂದೇ ವರ್ಷ ಒಂದೇ ಯುದ್ಧದ ದಾರಿಯಲ್ಲಿದ್ದವು. ಮೇ ತಿಂಗಳಲ್ಲಿ ಆ ಯುದ್ಧದ ಗತಿ ನಿರ್ಧರಿಸಿದ್ದು ಎತ್ತು.

ಮೈಸೂರಿನವರಿಗೆ ಇದು ಮೊದಲೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲೇ 'ಬೆಣ್ಣೆ ಚಾವಡಿ' ಅಂತ ಅರಮನೆಯ ದನಗಳ ಇಲಾಖೆ ಇತ್ತು. ಹೈದರ್ ಅದನ್ನು ಸೈನ್ಯಕ್ಕೆ ಬಳಸಿದ. ಟಿಪ್ಪು ಅದಕ್ಕೆ 'ಅಮೃತ ಮಹಲ್' ಅಂತ ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳನ್ನು ಕೂಡಿಸಿ, ಬೇರೆ ಬೇರೆ ಕಾವಲುಗಳಲ್ಲಿ ಮೇಯಿಸಿ ಕಟ್ಟಿದ ತಳಿ ಅದು. 1781ರಲ್ಲಿ ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸೈನ್ಯ ಸಾಗಿಸಿದ್ದು ಈ ಎತ್ತುಗಳ ಬಲದಿಂದ ಅಂತ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರತ್ತೆ.

ಗಮನಿಸಿ, ಇಲ್ಲೂ ಬೇಕಾಗಿದ್ದದ್ದು ವೇಗ ಮತ್ತು ದಮ್ಮು. ಭಾರ ಎಳೆದುಕೊಂಡು ಬೇಗ ನಡೆಯೋದು. ಇವತ್ತು ಓಟದ ಹೋರಿಯಲ್ಲಿ ನೋಡಿ ಹೆದರುವ 'ಓಟದ ರಕ್ತ' ಮತ್ತು ಉಳುವ ಎತ್ತಿನಲ್ಲಿ ಹುಡುಕುವ 'ಕೆಲಸದ ರಕ್ತ' ಆಗ ಒಂದೇ ಆಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನ ಬ್ರಿಟಿಷರ ಕಣ್ಣಿಗೂ ಬಿತ್ತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನುವವನನ್ನು ಇದಕ್ಕೇ ಅಂತ ನೇಮಿಸಿದರು, ಹಿಂಡು ಸುಧಾರಿಸಿತು. ಆಮೇಲೆ ಬಂತು 1860. ಖರ್ಚು ಉಳಿಸಬೇಕು ಅಂತ ಸರ್ಕಾರ ಅಮೃತ ಮಹಲನ್ನೇ ಮುಚ್ಚಿ ಹಿಂಡನ್ನು ಹರಾಜಿಗಿಟ್ಟಿತು. ಸುಮಾರು ಇನ್ನೂರು ವರ್ಷ ಆರಿಸಿ ಆರಿಸಿ ಕಟ್ಟಿದ್ದು ಸಿಕ್ಕ ಸಿಕ್ಕವರ ಪಾಲಾಯ್ತು. ಕೆಲವೇ ವರ್ಷದಲ್ಲಿ ತೋಪು ಎಳೆಯೋಕೆ ಒಳ್ಳೇ ಎತ್ತು ಸಿಗದೆ ತಪ್ಪು ಅರಿವಾಯ್ತು. 1866ರಲ್ಲಿ ಮತ್ತೆ ಇಲಾಖೆ ತೆರೆದು, ಚದುರಿದ ಹಸುಗಳನ್ನು ಹುಡುಕಿ ಹುಡುಕಿ ಕೂಡಿಸಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು.

ಲೆಕ್ಕದ ಪುಸ್ತಕದಲ್ಲಿ ಆ ವರ್ಷ ಆ ಹಿಂಡು ಬರೀ ಖರ್ಚು. ಕೊಳ್ಳುವವನಿಗೆ ಇವತ್ತು ಬೇಡವಾದದ್ದನ್ನು ಬೆಲೆ ಇಲ್ಲದ್ದು ಅಂದುಕೊಂಡರೆ ಏನಾಗತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಟವಲ್ ಕೆಳಗಿನ ಪೆಡಿಗ್ರಿ

ಹಳ್ಳಿಕಾರ್‌ಗೆ ವೆದರ್ಬಿ ಸಿಗಲಿಲ್ಲ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಸ್ಟ್ಯಾಂಪ್ ತಂದಿತು. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ತಳಿ ಸಂವರ್ಧನಾ ಕೇಂದ್ರ ಇದೆ. ಆದರೆ ನಮ್ಮ ಕೊಟ್ಟಿಗೆಯ ಕರುವಿಗೆ ಪುಟ ಇಲ್ಲ. ಮಾಗಡಿ ತಿರುಮಲೆ ರಂಗನಾಥಸ್ವಾಮಿ ಜಾತ್ರೆಗೆ ದನ ಕಟ್ಟುವವರ ಬಾಯಲ್ಲಿ ಇರೋದೇ ಪುಟ. "ಇದು ಇಂಥಾ ಊರಿನ ಇಂಥವರ ಮನೆ ಹಸುವಿನ ಕರು." ಅಷ್ಟೇ. ಮಿಕ್ಕಿದ್ದು ಕಣ್ಣು ಓದಬೇಕು. ಕೊಂಬು ಹೇಗೆ ಹಿಂದಕ್ಕೆ ಬಾಗಿದೆ, ಬಾಲ ಎಷ್ಟು ಸಣ್ಣ, ಗೊರಸು ಎಷ್ಟು ಬಿಗಿ, ಸುಳಿ ಶುದ್ಧ ಇದೆಯಾ, ಹಲ್ಲು ಎಷ್ಟು. ನಾನು ಚಿಕ್ಕವನಿದ್ದಾಗ ತಾತ ಟವಲಿನ ಕೆಳಗೆ ಇನ್ನೊಬ್ಬರ ಬೆರಳು ಹಿಡಿದು ವ್ಯಾಪಾರ ಮಾಡೋದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೀನಿ. ಮಾತಿಲ್ಲ ಕಥೆಯಿಲ್ಲ, ಮುಖದಲ್ಲಿ ಒಂದು ಗೆರೆ ಅಲ್ಲಾಡೋದಿಲ್ಲ, ಸಾವಿರಗಟ್ಟಲೆ ಮುಗಿದೇ ಹೋಗಿರತ್ತೆ.

ಈ ಬಾಯಿಮಾತಿನ ಪುಟದಲ್ಲಿ ಕಳೆದ ಕೆಲವು ವರ್ಷಗಳಲ್ಲಿ 'ಬ್ಲ್ಯಾಕ್ ಟೈಪ್' ಬದಲಾಗಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಒಪ್ಪಿತು. ಇತ್ತ ಉಳುಮೆಗೆ ಟ್ರ್ಯಾಕ್ಟರ್ ಬಂದು ಎತ್ತು ಕಟ್ಟುವವರೇ ಕಮ್ಮಿಯಾದರು. ಹಿಂದೆ ಜೋಡಿಯ ಹೆಸರು ಹೇಳುವಾಗ "ಇಷ್ಟು ಎಕರೆ ಉತ್ತವು, ಇಷ್ಟು ಹೇರು ಎಳೆದವು" ಅಂತಿದ್ದರು. ಈಗ "ಇಂಥಾ ಕಡೆ ಫಸ್ಟ್ ಬಂತು" ಅಂತಾರೆ, ಮೊಬೈಲಿನಲ್ಲಿ ವಿಡಿಯೋ ತೋರಿಸ್ತಾರೆ.

ಇದನ್ನು ನಾನು ಕೆಟ್ಟದ್ದು ಅಂತಲೂ ಹೇಳಲಾರೆ. ಓಟದ ಹುಚ್ಚು ಇಲ್ಲದೇ ಹೋಗಿದ್ದರೆ ಎಷ್ಟೋ ಹುಡುಗರು ಹಳ್ಳಿಕಾರ್ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಆದರೆ ಬರೀ ಗೆದ್ದ ಹೋರಿಯ ಕಡೆಗೇ ಎಲ್ಲರ ಕಣ್ಣು ಹೋದಾಗ ನೊಗಕ್ಕೆ ನಿಲ್ಲುವ, ಸಾಧು ಸ್ವಭಾವದ, ಹೇಳಿದ ಮಾತು ಕೇಳುವ ಗುಣ ಪುಟದಿಂದ ಬಿಟ್ಟು ಹೋಗತ್ತೆ. ಗೆದ್ದ ಹೋರಿಯನ್ನು ಹೆತ್ತ ಹಸುವನ್ನಂತೂ ಯಾರೂ ವಿಡಿಯೋ ಮಾಡೋದಿಲ್ಲ.

ಚಿಕ್ಕಪ್ಪನಿಗೆ ಹೇಳಿದ್ದು

ಜಾತ್ರೆಗೆ ಎರಡು ದಿನ ಮುಂಚೆ ಊರಿಗೆ ಹೋದೆ. ಓದಿದ್ದನ್ನೆಲ್ಲಾ ಚಿಕ್ಕಪ್ಪನ ಮುಂದೆ ಬಿಚ್ಚಿದೆ. ಇಸ್ತಾಬ್ರಾಕ್ ಕಥೆ ಹೇಳಿದಾಗ ಬೀಡಿ ಆರಿಸಿ ಕಿವಿಗೊಟ್ಟರು. "ಅಂದ್ರೆ ಒಂದೇ ತಾಯಿ, ಒಬ್ಬ ಓಡ್ದ, ಇನ್ನೊಬ್ಬ ಹಾರ್ದ. ಇಬ್ರೂ ಗೆದ್ರು. ಅಂಗಾದ್ರೆ ದೊಡ್ಡೋಳು ತಾಯಿ ಅಲ್ವೇನ್ಲಾ?"

ನಾನು ಮೂರು ವಾರ ಓದಿ ತಿಳಿದಿದ್ದನ್ನು ಅವರು ಒಂದು ಬೀಡಿ ಆರುವಷ್ಟರಲ್ಲಿ ಹೇಳಿಬಿಟ್ಟರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ಈ ಸಲ ಜಾತ್ರೆಗೆ ಕರುವಿನ ಜೊತೆ ಹಸುವನ್ನೂ ಹೊಡೆಯೋದು ಅಂತ ಇತ್ತಂತೆ. ವಯಸ್ಸಾಗ್ತಾ ಬಂದಿದೆ, ಹಾಲು ಒಂದೂವರೆ ಲೀಟರು, ಮೇಯಿಸೋಕೆ ಆಳಿಲ್ಲ, ಮನೆಯಲ್ಲಿ ಚಿಕ್ಕಮ್ಮನಿಗೆ ಮಂಡಿ ನೋವು. ಲೆಕ್ಕ ಹಾಕಿದರೆ ಬರೀ ಖರ್ಚು. ನನಗೆ 1860 ನೆನಪಾಯ್ತು. ಅದನ್ನೂ ಹೇಳಿದೆ. ನಗಲಿಲ್ಲ ಅವರು.

ಜಾತ್ರೆಯಲ್ಲಿ ಕರು ಮಾರಾಟವಾಯ್ತು. ಓಟದ ದಲ್ಲಾಳಿಗೂ ಅಲ್ಲ, ಎದ್ದು ಹೋದ ರೈತನಿಗೂ ಅಲ್ಲ. ಕನಕಪುರದ ಕಡೆಯವರೊಬ್ಬರು, ಗಾಡಿ ಹೂಡೋಕೆ ಅಂತ ಜೋಡಿ ಹುಡುಕ್ತಿದ್ದವರು. ಚಿಕ್ಕಪ್ಪ ಅವರಿಗೂ ಅಣ್ಣನ ವಿಷಯ ಮುಚ್ಚಿಡಲಿಲ್ಲ. "ಅಣ್ಣ ಓಡ್ತಾನೆ ಕಣಪ್ಪ, ಇದು ಏನ್ ಮಾಡುತ್ತೋ ನೀನು ಪಳಗಿಸಿದಂಗೆ" ಅಂದರು. ದಲ್ಲಾಳಿ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ ಟವಲ್ ಕೆಳಗೆ ಮುಗೀತು.

ಹಸು ಜಾತ್ರೆಗೆ ಹೋಗಲಿಲ್ಲ. ಕೊಟ್ಟಿಗೆಯಲ್ಲೇ ಇದೆ, ಪಕ್ಕದಲ್ಲಿ ಅದರ ಹಿಂದಿನ ಸೂಲಿನ ಕಡಸೂ ಇದೆ. ಬರುವಾಗ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಬಂದೆ. ಹಸುವಿನ ಹೆಸರು, ಅದರ ತಾಯಿ, ಯಾವ ಹೋರಿಗೆ ಕೊಡಿಸಿದ್ದು, ಹುಟ್ಟಿದ ಕರುಗಳು, ಯಾರ ಮನೆಗೆ ಹೋದವು, ಉತ್ತವೋ ಓಡಿದವೋ ಎಲ್ಲಾ ಬರೆದಿಡಿ ಅಂತ. ತಾತನ ಕಾಲದ ಹಸುಗಳ ಹೆಸರು ಚಿಕ್ಕಪ್ಪನಿಗೆ ಬಾಯಿಪಾಠ. ಐದು ತಲೆಮಾರು ಹಿಂದಕ್ಕೆ ಹೇಳ್ತಾರೆ. ಅದು ಅವರ ತಲೆಯಲ್ಲಿ ಮಾತ್ರ ಇದೆ ಅನ್ನೋದೇ ನನ್ನ ಭಯ.

ಹೋದ ವಾರ ಫೋನ್ ಮಾಡಿದಾಗ ಕೇಳಿದೆ, ನೋಟ್‌ಬುಕ್ ಏನಾಯ್ತು ಅಂತ.

"ಮೊದಲ್ನೇ ಪುಟ ತುಂಬೈತೆ ಕಣ್ಲಾ. ಆದ್ರೆ ಗೆದ್ದೋರ್ನ ದಪ್ಪಕ್ಷರದಲ್ಲಿ ಬರೀಲಿಲ್ಲ. ಎಲ್ರುನೂ ಒಂದೇ ಸೈಜಲ್ಲಿ ಬರ್ದಿವ್ನಿ" ಅಂದರು.

ನಿಮ್ಮ ಮನೆಯ ಕೊಟ್ಟಿಗೆಗೂ ಇಂಥದೊಂದು ಬಾಯಿಪಾಠದ ಪುಟ ಇದ್ದರೆ, ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.